ಘಟ್ಟವನ್ನು ಹಗಲಲ್ಲಿ ಇಳಿ, ಅಳಿಯಾ

ದಸರಾ ರಜೆಗೆ ಸಂಸಾರ ಸಮೇತ ಗೋವಾಕ್ಕೆ ಹೊರಟಿದ್ದೀಯಂತೆ, ನಿಮ್ಮವ್ವ ಹೇಳಿದಳು. ಕಾರಿನಲ್ಲಲ್ಲ, ರೈಲಿನಲ್ಲಿ ಅಂದಾಗ ಖುಷಿಯಾಯಿತು. ಯಾವ ಗಾಡಿ ಅಂತ ಕೇಳಿದೆ. ಯಶವಂತಪುರದಿಂದ ವಾಸ್ಕೋ ಗಾಡಿ, ಮಲಗಿ ಏಳೋದರೊಳಗೆ ಗೋವಾ ಅಂದಳು. ನನ್ನ ತಕರಾರು ಇರೋದೇ ಅಲ್ಲಿ. ಆ ಗಾಡಿ ಮಧ್ಯಾಹ್ನ ಹೊರಟು ಲೋಂಡಾ ದಾಟಿ ಘಟ್ಟ ಇಳಿಯುವ ಹೊತ್ತಿಗೆ ನಡುರಾತ್ರಿ. ಉತ್ತರ ಕನ್ನಡದ ಅಷ್ಟು ಕಾಡು, ದೂಧ್‌ಸಾಗರದ ಅಷ್ಟು ಎತ್ತರದ ನೀರು, ಎಲ್ಲವೂ ನೀವು ಗೊರಕೆ ಹೊಡೆಯುವಾಗಲೇ ಹಿಂದಕ್ಕೆ ಹೋಗಿಬಿಟ್ಟಿರುತ್ತದೆ. ಸಮುದ್ರ ಎಲ್ಲಿಗೂ ಓಡಿಹೋಗಲ್ಲ. ಒಂದು ದಿನ ತಡವಾಗಿ ನೋಡಿದರೆ ಏನೂ ಕೆಡುವುದಿಲ್ಲ ಕಣಪ್ಪ.

ನಾನು ಹೇಳುವ ದಾರಿ ಸ್ವಲ್ಪ ಉದ್ದ. ನಿಮ್ಮ ಮಳವಳ್ಳಿಗೆ ಇವತ್ತಿಗೂ ರೈಲಿಲ್ಲ, ಬಸ್ಸು ಹತ್ತಿಯೇ ರೈಲು ಹಿಡಿಯಬೇಕು. ಹಾಗಾಗಿ ಹಿಂದಿನ ಸಂಜೆಯೇ ಮಂಡ್ಯಕ್ಕೆ ಬಂದು ನಮ್ಮ ಮನೆಯಲ್ಲಿ ಉಳಿದುಕೊಳ್ಳಿ. ಬೆಳಗ್ಗೆ ಮೈಸೂರಿನಿಂದ ಬೆಳಗಾವಿಗೆ ಹೋಗುವ ವಿಶ್ವಮಾನವ ಎಕ್ಸ್‌ಪ್ರೆಸ್ ಹತ್ತಿ. ಹುಬ್ಬಳ್ಳಿ ಸೇರುವ ಹೊತ್ತಿಗೆ ಸಂಜೆಯಾಗುತ್ತದೆ. ಅಲ್ಲಿ ರಾತ್ರಿ ತಂಗಿ, ಮಾರನೆಯ ಬೆಳಗ್ಗೆ ಹೌರಾ ಕಡೆಯಿಂದ ವಾಸ್ಕೋಗೆ ಬರುವ ಅಮರಾವತಿ ಎಕ್ಸ್‌ಪ್ರೆಸ್ ಹಿಡಿಯಿರಿ. ಅದು ಘಟ್ಟ ಇಳಿಯುವುದು ಹಗಲಿನಲ್ಲಿ. ಆದರೆ ದಿನಾ ಓಡುವ ಗಾಡಿಯಲ್ಲ, ವಾರದಲ್ಲಿ ಕೆಲವು ದಿನ ಮಾತ್ರ. ಅದರ ದಿನ ನೋಡಿಕೊಂಡು ನಿನ್ನ ರಜೆ ಹಾಕು. ದೂರದಿಂದ ಬರುವ ಗಾಡಿ, ತಡವೂ ಆದೀತು. ಹುಬ್ಬಳ್ಳಿ ಸ್ಟೇಷನ್ನಿನಲ್ಲಿ ಚಡಪಡಿಸಬೇಡ.

ಸಕಲೇಶಪುರದ ಘಟ್ಟ ನಮಗೆ ಹತ್ತಿರವಲ್ಲವಾ ಅಂತ ಕೇಳುತ್ತೀಯ. ಹೌದು, ಅಲ್ಲಿಂದ ಸುಬ್ರಹ್ಮಣ್ಯದವರೆಗೆ 57 ಸುರಂಗ ಇವೆ, ಚೆಲುವಿಗೇನೂ ಕಡಿಮೆಯಿಲ್ಲ. ಧರ್ಮಸ್ಥಳಕ್ಕೋ ಕುಕ್ಕೆಗೋ ಹೋಗುವಾಗ ಅದನ್ನು ಹೇಗೂ ನೋಡುತ್ತೀರಿ. ಬಡಗಣ ಕಾಡಿಗೆ ಹೋಗಲು ನಮ್ಮ ಕಡೆಯವರಿಗೆ ಬೇರೆ ನೆಪ ಸಿಗುವುದಿಲ್ಲ.

ಮೊದಲ ದಿನ ಏನಿದೆ, ಬರೀ ಬಯಲು ಅಂದುಕೊಂಡು ಮಕ್ಕಳ ಕೈಗೆ ಮೊಬೈಲ್ ಕೊಟ್ಟುಬಿಡಬೇಡ. ನಮ್ಮ ಕಬ್ಬು, ಭತ್ತದ ಹಸಿರು ಬಿಟ್ಟು ಹೊರಟರೆ ಅರಸೀಕೆರೆ ಸುತ್ತ ತೆಂಗು, ದಾವಣಗೆರೆಗೆ ಬಂದರೆ ಮೆಕ್ಕೆಜೋಳ, ಹರಿಹರದಲ್ಲಿ ತುಂಗಭದ್ರೆ, ಬ್ಯಾಡಗಿ ಸ್ಟೇಷನ್ ದಾಟಿದ ಮೇಲೆ ಹಾವೇರಿಯ ಕಪ್ಪು ಮಣ್ಣು. ನಾಲೆ ನೀರು ಕಂಡು ಬೆಳೆದ ಮಕ್ಕಳಿಗೆ ಮಳೆಯನ್ನೇ ನಂಬಿದ ಹೊಲ ಹೇಗಿರುತ್ತದೆ ಅಂತ ಕಿಟಕಿಯಲ್ಲೇ ತೋರಿಸಬಹುದು. ನೀನೂ ರೈತನ ಮಗ, ನಿನಗಿಂತ ಚೆನ್ನಾಗಿ ಅದನ್ನು ಯಾರು ಹೇಳಿಯಾರು?

ಎರಡನೆಯ ದಿನ ಧಾರವಾಡ ಬಿಟ್ಟು ಅಳ್ನಾವರ ದಾಟುತ್ತಿದ್ದಂತೆ ಮರಗಳು ಹಳಿಯ ಹತ್ತಿರಕ್ಕೆ ಬರುತ್ತವೆ. ಲೋಂಡಾ ಆದ ಮೇಲೆ ಊರುಗಳೇ ಅಪರೂಪ. ಕ್ಯಾಸಲ್‌ರಾಕ್ ಬಂದಾಗ ಗಾಡಿ ಸಾಕಷ್ಟು ಹೊತ್ತು ನಿಲ್ಲುತ್ತದೆ. ಇಳಿಜಾರು ಮೂವತ್ತೇಳು ಅಡಿಗೆ ಒಂದು ಅಡಿ, ರೈಲಿಗೆ ಅದು ಬಹಳ ಕಡಿದು. ಎಂಜಿನ್ ಸೇರಿಸಿ, ಬ್ರೇಕ್ ಪರೀಕ್ಷೆ ಮಾಡಿಯೇ ಬಿಡುತ್ತಾರೆ. ಆಗ ಮಕ್ಕಳಿಗೆ ಆ ಊರಿನ ಕತೆ ಹೇಳು. ಈ ಘಟ್ಟದ ಹಳಿ ಪೋರ್ಚುಗೀಸರ ಕಾಲದ್ದು, 1888ರಲ್ಲಿ ಗಾಡಿ ಓಡಿತು. 1961ರಲ್ಲಿ ಗೋವಾ ನಮ್ಮದಾಗುವವರೆಗೆ ಕ್ಯಾಸಲ್‌ರಾಕ್ ಗಡಿ ಠಾಣೆ, ಸುಂಕದವರು ಗಂಟುಮೂಟೆ ಬಿಚ್ಚಿಸಿ ನೋಡುತ್ತಿದ್ದ ಜಾಗ. ಜೊಯಿಡಾ ತಾಲ್ಲೂಕಿನ ಕಾಡೊಳಗಿನ ಒಂದು ಪುಟ್ಟ ಊರು ಆಗ ಬೇರೆ ದೇಶದ ಬಾಗಿಲಾಗಿತ್ತು.

ಅಲ್ಲಿಂದ ಘಟ್ಟದ ಬುಡದ ಕುಳೆಂವರೆಗೆ ಗಾಡಿ ನಿಧಾನ. ಇರುವುದೂ ಒಂದೇ ಹಳಿ, ಎದುರು ಗಾಡಿಗೆ ಕಾಯಬೇಕು. ಎರಡನೆಯ ಹಳಿ ಹಾಕಲು ವನ್ಯಜೀವಿ ಮಂಡಳಿ ಕೊಟ್ಟಿದ್ದ ಒಪ್ಪಿಗೆಯನ್ನು ಸುಪ್ರೀಂ ಕೋರ್ಟ್ 2022ರ ಮೇ ತಿಂಗಳಲ್ಲಿ ರದ್ದು ಮಾಡಿತು. ಕಾಟಿ, ಹುಲಿ, ಮಂಗಟ್ಟೆ ಹಕ್ಕಿಗಳ ಕಾಡು ಅದು. ನನ್ನ ಮಟ್ಟಿಗೆ ಆ ತೀರ್ಪು ಸರಿ, ಅರ್ಧ ಗಂಟೆ ಕಾದರೆ ನಮ್ಮ ಗಂಟೇನೂ ಹೋಗುವುದಿಲ್ಲ. ದೂಧ್‌ಸಾಗರ 310 ಮೀಟರ್ ಎತ್ತರದಿಂದ ಬೀಳುತ್ತದೆ, ಹಳಿ ಅದರ ಮುಂದೆಯೇ ಹಾದುಹೋಗುತ್ತದೆ. ಆ ನೀರು ಸೇರುವುದು ಮಹದಾಯಿಗೆ. ನಮಗೆ ಕಾವೇರಿ ಹೇಗೋ ಹುಬ್ಬಳ್ಳಿ-ಧಾರವಾಡದವರಿಗೆ ಮಹದಾಯಿ ಹಾಗೆ. ಮಂಡ್ಯದವನಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಗಾಡಿ ಅಲ್ಲಿ ನಿಂತರೂ ಇಳಿಯಬೇಡ. ಇದನ್ನು ಗಟ್ಟಿಯಾಗಿ ಹೇಳುತ್ತಿದ್ದೇನೆ. 2023ರ ಜುಲೈನಲ್ಲಿ ಹಳಿ ಮೇಲೆ ನಡೆದು ಜಲಪಾತ ನೋಡಲು ಹೋದ ಹುಡುಗರ ಕೈಯಲ್ಲಿ ರೈಲ್ವೆ ಪೊಲೀಸರು ಬಸ್ಕಿ ಹೊಡೆಸಿದ್ದನ್ನು ಟಿವಿಯಲ್ಲಿ ನೀನೂ ನೋಡಿರುತ್ತೀಯ. ಬೋಗಿಯೊಳಗೇ ಕೂತು ನೋಡಿ ಅಂತ ರೈಲ್ವೆಯವರೇ ಕೇಳಿಕೊಂಡರು. ಬಾಗಿಲಲ್ಲಿ ಕಾಲು ಇಳಿಬಿಟ್ಟು ರೀಲ್ಸ್ ಮಾಡುವ ಚಪಲವೂ ಬೇಡ. ಸುರಂಗದ ಗೋಡೆ ಅಂಗೈ ದೂರದಲ್ಲಿರುತ್ತದೆ. ಕಿಟಕಿಯಿಂದ ತಿಂಡಿಯ ಕವರ್ ಎಸೆಯುವುದೂ ಬೇಡ, ಕೋತಿಗೆ ಬಾಳೆಹಣ್ಣು ಕೊಡುವುದೂ ಬೇಡ.

ಎ.ಸಿ. ಬೋಗಿ ಮೊದಲ ದಿನಕ್ಕೆ ಇರಲಿ, ನಿಮ್ಮವ್ವನಿಗೆ ಧೂಳು ಆಗದು. ಘಟ್ಟಕ್ಕೆ ಮಾತ್ರ ಸ್ಲೀಪರ್ ಬೋಗಿಯೇ ಸರಿ. ಕಿಟಕಿ ಎತ್ತಬಹುದು, ಕಾಡಿನ ಗಾಳಿ ಒಳಗೆ ಬರುತ್ತದೆ. ಬಣ್ಣದ ಗಾಜಿನ ಹಿಂದೆ ಕೂತರೆ ಟಿವಿ ನೋಡಿದ ಹಾಗೇ.

ಕಾಲ ದಸರಾದ್ದೇ ಇರಲಿ, ಚೆನ್ನಾಗಿ ಆರಿಸಿದ್ದೀಯ. ಆಷಾಢ ಶ್ರಾವಣದಲ್ಲಿ ನೀರು ಜಾಸ್ತಿ ನಿಜ, ಆದರೆ ಮಂಜು ಮುಚ್ಚಿ ಏನೂ ಕಾಣದೆ ಹೋಗಬಹುದು, ಗುಡ್ಡ ಕುಸಿದು ಗಾಡಿ ರದ್ದಾಗಲೂಬಹುದು. ದಸರಾ ಹೊತ್ತಿಗೆ ಮಳೆ ಇಳಿದಿರುತ್ತದೆ, ನೀರಿನ್ನೂ ಇರುತ್ತದೆ. ನಿನ್ನ ಗದ್ದೆಯಲ್ಲೂ ನಾಟಿ ಮುಗಿದು ಕೊಯ್ಲಿಗೆ ದಿನ ಇರುತ್ತದೆ.

ಊಟಕ್ಕೆ ಮುದ್ದೆ ಸಾಗಿಸಲಾಗದು. ಪುಳಿಯೋಗರೆ, ಚಪಾತಿ, ಚಟ್ನಿಪುಡಿ ಸಾಕು. ಮದ್ದೂರು ವಡೆ ಎರಡು ದಿನಕ್ಕೂ ಕೆಡುವುದಿಲ್ಲ, ಅದು ರೈಲಿನವರಿಗಾಗಿಯೇ ಸ್ಟೇಷನ್ನಿನಲ್ಲಿ ಹುಟ್ಟಿದ ತಿಂಡಿಯಲ್ಲವೇ. ಬರುವಾಗ ಬೇಕಾದರೆ ಆ ವಾಸ್ಕೋ ರಾತ್ರಿ ಗಾಡಿಯಲ್ಲೇ ಮಲಗಿಕೊಂಡು ಬನ್ನಿ. ಯಶವಂತಪುರದಲ್ಲಿ ಮೆಟ್ರೋ ಹಿಡಿದು ಮೆಜೆಸ್ಟಿಕ್‌ಗೆ ಬಂದರೆ ಮಂಡ್ಯದ ಕಡೆಗೆ ಗಾಡಿಗೇನೂ ಬರವಿಲ್ಲ.

ಮುಂಗಡ ಬುಕಿಂಗ್ ಈಗ ಅರವತ್ತು ದಿನಕ್ಕೆ ಮಾತ್ರ, 2024ರ ನವೆಂಬರ್‌ನಿಂದ ಹೀಗೆ ಮಾಡಿದ್ದಾರೆ. ಮೈಸೂರು ದಸರಾ ಜನವೂ ವಿಶ್ವಮಾನವ ಗಾಡಿಗೇ ಬೀಳುತ್ತದೆ, ಅರವತ್ತನೆಯ ದಿನದ ಬೆಳಗ್ಗೆಯೇ ಕೂತು ಟಿಕೆಟ್ ತೆಗೆ. ಹಿರಿಯರ ರಿಯಾಯಿತಿ 2020ರಲ್ಲೇ ನಿಂತುಹೋಗಿದೆ, ಪೂರ್ತಿ ದುಡ್ಡೇ ಆಗುತ್ತದೆ. ನಲವತ್ತೈದು ದಾಟಿದ ಹೆಂಗಸರಿಗೆ ಕೆಳಗಿನ ಬರ್ತ್ ಕೊಡುವ ಏರ್ಪಾಡು ಮಾತ್ರ ಇನ್ನೂ ಇದೆ. ನಿಮ್ಮವ್ವನ ವಯಸ್ಸನ್ನು ಸರಿಯಾಗಿ ತುಂಬು, ಅವಳು ಹೇಳುವ ವಯಸ್ಸನ್ನಲ್ಲ, ಆಧಾರ್‌ನಲ್ಲಿರುವುದನ್ನು.