ಮರದ ಲೆಕ್ಕ: ಲಾಭ ಎಷ್ಟು, ನಷ್ಟ ಯಾರಿಗೆ?



ಈ ವಾರದ ಸಭೆಯಲ್ಲಿ ಉಳಿತಾಯದ ಲೆಕ್ಕ ಮುಗಿದ ಮೇಲೆ ಮರದ ಲೆಕ್ಕವನ್ನೂ ನೋಡೋಣ.

ಸೌದೆ, ಡೀಸೆಲ್, ಕಲ್ಲಿದ್ದಲು ಉರಿದಾಗ ಇಂಗಾಲದ ಡೈ ಆಕ್ಸೈಡ್ ಅನ್ನೋ ಅನಿಲ ಗಾಳಿಗೆ ಸೇರುತ್ತದೆ. ಅದು ಹೆಚ್ಚಾದಂತೆ ಭೂಮಿ ಬಿಸಿಯಾಗುತ್ತದೆ, ಮಳೆ ಹದ ತಪ್ಪುತ್ತದೆ. ಮರ ಈ ಅನಿಲವನ್ನು ಹೀರಿ, ಕಾಂಡ ಬೇರುಗಳಲ್ಲಿ ಇಂಗಾಲವಾಗಿ ಕೂಡಿಡುತ್ತದೆ. ನಾವು ಸಂಘದಲ್ಲಿ ದುಡ್ಡು ಕೂಡಿಟ್ಟ ಹಾಗೆ! 100 ಕೆ.ಜಿ. ಒಣ ಮರದಲ್ಲಿ ಹೆಚ್ಚುಕಡಿಮೆ 50 ಕೆ.ಜಿ. ಇಂಗಾಲ ಇರುತ್ತದೆ. ಅದಕ್ಕಾಗಿ ಮರ ಸುಮಾರು 180 ಕೆ.ಜಿ. ಅನಿಲ ಹೀರಿರುತ್ತದೆ. ಕಡಿದು ಸುಟ್ಟರೆ ಅದೆಲ್ಲ ಮತ್ತೆ ಗಾಳಿಗೇ ಹೋಗುತ್ತದೆ. ಆದ್ದರಿಂದ ಹೊಸ ಸಸಿ ನೆಡುವುದಕ್ಕಿಂತ ಮೊದಲು ಇರುವ ಗುಂಡುತೋಪು ಉಳಿಸಬೇಕು.

ಲಾಭ: ಅರಸೀಕೆರೆಯಂಥ ಒಣ ಸೀಮೆಯಲ್ಲಿ ಬದುವಿನ ಮೇಲೆ ಹೊಂಗೆ, ಬೇವು, ಹುಣಸೆ ಬೆಳೆಸಿದರೆ ರಾಗಿ ಹೊಲ ಕಳೆದುಕೊಳ್ಳಬೇಕಿಲ್ಲ. ನೆರಳು, ಸೊಪ್ಪುಗೊಬ್ಬರ ಸಿಗುತ್ತದೆ. ಹೊಂಗೆ ಬೀಜ ಆರಿಸಿ ಮಾರಿದರೆ ನಾಲ್ಕು ಕಾಸೂ ಬರುತ್ತದೆ. ಬೇಲೂರು ಕಡೆಯ ಕಾಫಿ ತೋಟಗಳಲ್ಲಿ ಹಲಸು, ಅತ್ತಿಯಂಥ ಹಳೇ ನೆರಳು ಮರಗಳನ್ನು ಉಳಿಸಿದರೂ ಇದೇ ಕೆಲಸ ಆಗುತ್ತದೆ.

ನಷ್ಟ: ಎಲ್ಲ ಮರವೂ ಎಲ್ಲ ಕಡೆ ಒಳ್ಳೆಯದಲ್ಲ. 1980ರ ದಶಕದಲ್ಲಿ ಸಾಮಾಜಿಕ ಅರಣ್ಯದ ಹೆಸರಿನಲ್ಲಿ ಕೋಲಾರದ ಕಡೆ ಎಷ್ಟೋ ರಾಗಿ ಹೊಲಗಳು ನೀಲಗಿರಿ ತೋಪಾದವು. ಬೆಳೆ ಹೋಯಿತು, ಹೆಂಗಸರ ಕಳೆ-ಕೊಯ್ಲಿನ ಕೂಲಿಯೂ ಹೋಯಿತು. ನೀಲಗಿರಿಯ ಎಲೆಯನ್ನು ದನ ತಿನ್ನುವುದಿಲ್ಲ. 1983ರಲ್ಲಿ ನಮ್ಮ ಪಕ್ಕದ ತುಮಕೂರು ಜಿಲ್ಲೆಯಲ್ಲಿ ರೈತ ಸಂಘದವರು ನೀಲಗಿರಿ ಸಸಿ ಕಿತ್ತು ಹುಣಸೆ, ಮಾವಿನ ಬೀಜ ಹಾಕಿದರು. ಅಂತರ್ಜಲದ ಚಿಂತೆಯಿಂದ 2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು.

ಗೋಮಾಳಕ್ಕೆ ಬೇಲಿ ಹಾಕಿ ಮರ ನೆಟ್ಟರೆ ಇಂಗಾಲವೇನೋ ಉಳಿಯುತ್ತದೆ. ಆದರೆ ಮೇವು, ಸೌದೆಗಾಗಿ ದೂರ ನಡೆಯುವವರು ಯಾರು? ನಾವೇ ಅಲ್ವಾ? ದೂರದ ಕಾರ್ಖಾನೆಯ ಹೊಗೆಗೆ ನಮ್ಮ ಕಾಲು ಸವೆಯಬಾರದು. ಮರ ಬೇಡ ಅಂತಲ್ಲ, ಕೇಳಿ ನೆಡಬೇಕು.

‘ಮರ ಬೆಳೆಸಿ, ಇಂಗಾಲದ ಹಣ ಕೊಡ್ತೀವಿ’ ಎಂದು ಯಾರಾದರೂ ಬಂದರೆ, ಸಹಿ ಹಾಕುವ ಮುಂಚೆ ಕೇಳಿ: ಎಷ್ಟು ವರ್ಷ ಮರ ಕಡಿಯಬಾರದು? ಹಣ ಯಾವಾಗ, ಯಾರ ಖಾತೆಗೆ? ಬರಗಾಲದಲ್ಲಿ ಸಸಿ ಒಣಗಿದರೆ ನಷ್ಟ ಯಾರದು?

ಸಂಘದಲ್ಲಿ ಚರ್ಚಿಸಿ:
1. ನಮ್ಮೂರಲ್ಲಿ ಉಳಿಸಬೇಕಾದ ಹಳೇ ಮರಗಳು ಎಲ್ಲಿವೆ?
2. ನಮಗೆ ಬೇಕಾದ ಮರ ಯಾವುದು? ನೀರು ಹಾಕುವವರು ಯಾರು?
3. ಮುಂದಿನ ಗ್ರಾಮಸಭೆಯಲ್ಲಿ ಗೋಮಾಳದ ವಿಷಯ ಯಾರು ಎತ್ತುತ್ತೀರಿ?