ವಸ್ತುವಿನ ವರ್ಗಪರೀಕ್ಷೆ

ಗಣಕಯಂತ್ರಕ್ಕೆ ಕ್ರಮವಿಧಿಯನ್ನು, ಅಂದರೆ ಪ್ರೋಗ್ರಾಮನ್ನು, ರಚಿಸುವ ಮಾರ್ಗಗಳಲ್ಲಿ ವಸ್ತುಪ್ರಧಾನ ಪದ್ಧತಿಯೂ ಒಂದು. ಇದರಲ್ಲಿ ಮಾಹಿತಿಯೂ ಅದರ ಮೇಲೆ ನಡೆಯತಕ್ಕ ಕ್ರಿಯೆಗಳೂ ಒಂದೇ ಘಟಕದಲ್ಲಿ ಅಡಕವಾಗಿರುತ್ತವೆ. ಆ ಘಟಕವೇ ವಸ್ತು ಅಥವಾ ಆಬ್ಜೆಕ್ಟ್. ಅದರ ಲಕ್ಷಣವನ್ನು ನಿರೂಪಿಸುವುದು ವರ್ಗ ಅಥವಾ ಕ್ಲಾಸ್. ಭಾರತೀಯ ತರ್ಕಶಾಸ್ತ್ರದ ವ್ಯಕ್ತಿ-ಜಾತಿ ವಿವೇಚನೆಯನ್ನು ಬಲ್ಲವರಿಗೆ ಇದು ತೀರ ಅಪರಿಚಿತವೆನಿಸದು. ಒಂದು ವರ್ಗದಿಂದ ಉಪವರ್ಗ ಹುಟ್ಟಬಹುದು. ಉಪವರ್ಗದ ವಸ್ತು ಮೂಲವರ್ಗದ ಹೆಸರಿನಲ್ಲಿಯೂ ಸಂಚರಿಸಬಹುದು. ಆದಕಾರಣ ಕ್ರಮವಿಧಿಯು ನಡೆಯುತ್ತಿರುವಾಗಲೇ, ಕೈಗೆ ಬಂದ ವಸ್ತು ಯಥಾರ್ಥವಾಗಿ ಯಾವ ವರ್ಗದ್ದೆಂದು ಕೇಳಬೇಕಾದ ಪ್ರಸಂಗ ಒದಗುತ್ತದೆ.

ಈ ಪ್ರಶ್ನೆಗೆ ಎರಡು ರೂಪಗಳುಂಟು. ನಾರ್ವೆ ದೇಶದ ಓಲೆ-ಯೋಹಾನ್ ಡಾಲ್ ಮತ್ತು ಕ್ರಿಸ್ಟನ್ ನಿಗಾರ್ಡ್ ಅವರು 1967ರಲ್ಲಿ ರೂಪಿಸಿದ ಸಿಮ್ಯುಲಾ ಭಾಷೆಯಲ್ಲಿಯೇ ಈ ಭೇದವಿತ್ತು. ಅಲ್ಲಿ 'ಇಸ್' ಎಂದು ಕೇಳಿದರೆ ವಸ್ತುವು ಆ ವರ್ಗದ್ದೇ ಆಗಿರಬೇಕು. 'ಇನ್' ಎಂದು ಕೇಳಿದರೆ ಉಪವರ್ಗದ್ದಾದರೂ ಸಲ್ಲುತ್ತದೆ. ಜಾವಾ ಭಾಷೆಯ 'ಇನ್‌ಸ್ಟನ್ಸ್‌ಆಫ್' ಈ ಎರಡನೆಯ ಬಗೆಯದು. ಅಂತರ ಅಲ್ಪವೆಂದು ತೋರಿದರೂ ಪರಿಣಾಮ ಅಲ್ಪವಲ್ಲ.

ಬ್ಯಾಂಕೊಂದರ ಬಡ್ಡಿಯ ಲೆಕ್ಕವನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. 'ಠೇವಣಿ' ಎಂಬುದು ಮೂಲವರ್ಗ. 'ಹಿರಿಯರ ಠೇವಣಿ' ಅದರ ಉಪವರ್ಗ, ಅದಕ್ಕೆ ಅರ್ಧ ಶೇಕಡಾ ಹೆಚ್ಚು ಬಡ್ಡಿ. ಲೆಕ್ಕದ ಕ್ರಮವಿಧಿಯು ಮೂಲವರ್ಗವೊಂದನ್ನೇ 'ಇಸ್' ಎಂಬ ಕಟ್ಟುನಿಟ್ಟಿನ ಪ್ರಶ್ನೆಯಿಂದ ಪರೀಕ್ಷಿಸಿದರೆ ಹಿರಿಯರ ಠೇವಣಿ ಹೊರಗುಳಿಯುತ್ತದೆ. ವೃದ್ಧರಿಗೆ ಬಡ್ಡಿಯೇ ಇಲ್ಲ. 'ಇನ್' ಎಂದು ಮೂಲವರ್ಗವನ್ನೇ ಮೊದಲು ಕೇಳಿದರೆ ಅಲ್ಲಿಯೇ ಹೌದೆಂಬ ಉತ್ತರ ದೊರೆತು, ಹಿರಿಯರ ಸರದಿ ಬರುವುದೇ ಇಲ್ಲ. ಅವರಿಗೆ ಸಾಮಾನ್ಯ ಬಡ್ಡಿಯಷ್ಟೇ. ಎರಡು ಸಂದರ್ಭಗಳಲ್ಲಿಯೂ ಯಂತ್ರವು ದೋಷವೆಂದು ಕೂಗುವುದಿಲ್ಲ. ಯಂತ್ರ ನಿಂತುಹೋದರೆ ಗುಮಾಸ್ತನಿಗಾದರೂ ತಿಳಿದೀತು; ಈ ಮೌನವೇ ಹೆಚ್ಚು ಅಪಾಯಕರ.

ಆದುದರಿಂದ ವರ್ಗವನ್ನು ವಿಚಾರಿಸದೆ, 'ಬಡ್ಡಿಯನ್ನು ಲೆಕ್ಕಿಸು' ಎಂದು ವಸ್ತುವಿಗೇ ಆದೇಶವೀಯುವುದು ಉತ್ತಮ. ಪ್ರತಿಯೊಂದು ವರ್ಗವೂ ತನ್ನ ಲೆಕ್ಕದ ವಿಧಾನವನ್ನು ತಾನೇ ಹೊತ್ತಿರುತ್ತದೆ. ನಾಳೆ ಹೊಸದೊಂದು ಠೇವಣಿ ಬಂದರೂ ಹಳೆಯ ಬರವಣಿಗೆಯನ್ನು ತಿದ್ದಬೇಕಾಗಿಲ್ಲ.

ಹಾಗೆಂದು ಪರೀಕ್ಷೆ ಸರ್ವಥಾ ತ್ಯಾಜ್ಯವಲ್ಲ. ಜಾವಾದಲ್ಲಿ ಎರಡು ವಸ್ತುಗಳು ಸಮವೇ ಎಂದು ನೋಡುವ 'ಈಕ್ವಲ್ಸ್' ವಿಧಾನಕ್ಕೆ ಯಾವ ವರ್ಗದ ವಸ್ತುವಾದರೂ ಬಂದೀತು. ಅಲ್ಲಿ ವಿಚಾರಿಸದೆ ಗತಿಯಿಲ್ಲ. ವಿಚಾರಿಸುವಾಗಲೂ ಎಚ್ಚರ ಬೇಕು: ಸಡಿಲವಾಗಿ ಕೇಳಿದರೆ, ಮೂಲವಸ್ತುವು ಉಪವರ್ಗದ ವಸ್ತುವನ್ನು ತನಗೆ ಸಮವೆಂದು ಒಪ್ಪಿಕೊಂಡು, ಉಪವರ್ಗದ ವಸ್ತುವು ಅದನ್ನೇ ನಿರಾಕರಿಸುವ ವಿಪರ್ಯಾಸವು ಸಂಭವಿಸಬಹುದು.