ನಡುಸಾಲಿನ ಆಟಗಾರ: ಕೆಂಪಯ್ಯನವರ ಕ್ರೀಡಾಜೀವನದಿಂದ ಒಂದು ಪಾಠ

ವಿರಾಜಪೇಟೆಯಿಂದ ಸಿದ್ದಾಪುರದ ಕಡೆಗೆ ಸಾಗುವ ದಾರಿಯಲ್ಲಿ, ಕಾಫಿ ತೋಟಗಳ ನಡುವೆ ಅಮ್ಮತ್ತಿ ಇದೆ. ಕೊಡಗಿನ ಇತರ ಊರುಗಳಂತೆ ಇಲ್ಲಿಯೂ ಮಕ್ಕಳ ಕೈಗೆ ಮೊದಲು ಬರುವುದು ಹಾಕಿ ಕೋಲು. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡ ಗ್ರಾಮದಲ್ಲಿ ಆರಂಭಿಸಿದ ಕೌಟುಂಬಿಕ ಹಾಕಿ ಉತ್ಸವವು ಆ ಆಟವನ್ನು ಮನೆಮನೆಯ ಹಬ್ಬವನ್ನಾಗಿ ಮಾಡಿತು. ಆದರೆ ಮಳೆ ಹಿಡಿದು ಅಂಗಳವೆಲ್ಲ ಕೆಸರಾದಾಗ ಅದೇ ಮಕ್ಕಳು ಕೋಲನ್ನು ಮೂಲೆಗಿಟ್ಟು ಕಾಲ್ಚೆಂಡಿನ ಬೆನ್ನು ಹತ್ತುತ್ತಾರೆ. ತಂಡ ಕಟ್ಟುವ ಹೊತ್ತಿಗೆ ಪ್ರತಿಯೊಬ್ಬನಿಗೂ ಮುಂದೆ ನಿಲ್ಲುವ ಆಸೆ. ಗೋಲು ಹೊಡೆದವನನ್ನು ಹೆಗಲ ಮೇಲೆ ಹೊರುತ್ತಾರೆ, ಗೋಲು ತಡೆದವನ ಬೆನ್ನು ತಟ್ಟುತ್ತಾರೆ. ನಡುವೆ ನಿಲ್ಲಲು ಮಾತ್ರ ಯಾರೂ ತಾವಾಗಿ ಮುಂದೆ ಬರುವುದಿಲ್ಲ. ಆ ನಡುವಿನ ಸ್ಥಾನದ ಮಹತ್ವವೇನು, ಅಲ್ಲಿ ಆಡಿದವನಿಗೆ ದೊರೆಯುವುದೇನು ಎಂಬುದನ್ನು ಕರ್ನಾಟಕದ ಒಬ್ಬ ಹಿರಿಯ ಆಟಗಾರನ ಜೀವನದಿಂದ ತಿಳಿಯಬಹುದಾಗಿದೆ. ಆತನೇ ಬೆಂಗಳೂರಿನ ಕೆಂಪಯ್ಯ.

ಹಾಕಿಯನ್ನು ಬಲ್ಲ ಕೊಡಗಿನವರಿಗೆ ಈ ವಿಷಯ ತೀರ ಹೊಸದಲ್ಲ. ಎರಡೂ ಆಟಗಳ ಹಳೆಯ ವ್ಯೂಹ ಒಂದೇ: ಹಿಂದೆ ಇಬ್ಬರು ರಕ್ಷಕರು, ನಡುವೆ ಮೂವರು ಹಾಫ್‌ಗಳು, ಮುಂದೆ ಐವರು ದಾಳಿಗಾರರು. 1973ರ ವಿಶ್ವಕಪ್ ಹಾಕಿಯಲ್ಲಿ ಭಾರತ ತಂಡದ ನಾಯಕರಾಗಿದ್ದ ಎಂ. ಪಿ. ಗಣೇಶ್ ಅವರು ಮೊದಲು ಕೊಡಗು ಜಿಲ್ಲೆಯ ಪರವಾಗಿ ಫುಟ್‌ಬಾಲ್ ಆಡಿದವರು. 1980ರ ಮಾಸ್ಕೋ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ತಂಡದಲ್ಲಿದ್ದು, 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ನಾಯಕತ್ವ ವಹಿಸಿದ ಎಂ. ಎಂ. ಸೋಮಯ್ಯನವರು ಹೆಸರು ಪಡೆದದ್ದು ಹಾಫ್ ಸ್ಥಾನದಲ್ಲಿಯೇ. ಕೋಲಿನ ಬದಲು ಕಾಲು ಬಂದರೂ ನಡುಸಾಲಿನ ಧರ್ಮ ಬದಲಾಗುವುದಿಲ್ಲ.

ಆ ಧರ್ಮವನ್ನು ಮೂರು ಮಾತುಗಳಲ್ಲಿ ಹೇಳಬಹುದು: ಕಸಿಯುವುದು, ಕಾಯುವುದು, ಕೊಡುವುದು. ಎದುರಾಳಿಯ ದಾಳಿ ತನ್ನ ರಕ್ಷಕರನ್ನು ಮುಟ್ಟುವ ಮೊದಲೇ ಚೆಂಡನ್ನು ಕಸಿದುಕೊಳ್ಳಬೇಕು. ಕಸಿದ ಚೆಂಡನ್ನು, ತನ್ನ ತಂಡದವರು ಸ್ಥಾನ ಹಿಡಿಯುವವರೆಗೆ ಕಾಯ್ದುಕೊಳ್ಳಬೇಕು. ಬಳಿಕ ಯಾರ ಮುಂದೆ ದಾರಿ ತೆರೆದಿದೆಯೋ ಅವನಿಗೆ ಅದನ್ನು ಒಪ್ಪಿಸಬೇಕು. ಈ ಮೂರರಲ್ಲಿ ಒಂದು ತಪ್ಪಿದರೂ ತಂಡ ಎರಡು ತುಂಡಾಗುತ್ತದೆ. ಹಿಂದಿನವರು ಹಿಂದೆ, ಮುಂದಿನವರು ಮುಂದೆ ಉಳಿದು ನಡುವಿನ ಬಯಲು ಎದುರಾಳಿಯ ಪಾಲಾಗುತ್ತದೆ. ಮೂರೂ ಸರಿಯಾಗಿ ನಡೆದರೆ ನೋಡುವವರ ಕಣ್ಣಿಗೆ ಬೀಳುವುದು ಕೊನೆಯಲ್ಲಿ ಆದ ಗೋಲು ಮಾತ್ರ.

ಕೆಂಪಯ್ಯನವರು ಬೆಳೆದ ಬೆಂಗಳೂರು ಆ ಕಾಲದಲ್ಲಿ ಭಾರತದ ಫುಟ್‌ಬಾಲಿನ ಹಿರಿಯ ನೆಲೆಗಳಲ್ಲಿ ಒಂದಾಗಿತ್ತು. 1937 ಮತ್ತು 1938ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಮುಂಬಯಿಯ ರೋವರ್ಸ್ ಕಪ್ಪನ್ನು ಗೆದ್ದಿತ್ತು. ಮೈಸೂರು ತಂಡ 1946-47ರಲ್ಲಿಯೂ 1952-53ರಲ್ಲಿಯೂ ಸಂತೋಷ್ ಟ್ರೋಫಿಯನ್ನು ತನ್ನದಾಗಿಸಿಕೊಂಡಿತ್ತು. ಬೆಂಗಳೂರಿನ ಅಹಮದ್ ಖಾನ್ ಅವರು 1948 ಮತ್ತು 1952ರ ಒಲಿಂಪಿಕ್ಸ್‌ಗಳಲ್ಲಿ ಆಡಿದರಲ್ಲದೆ, ಕಲ್ಕತ್ತೆಯ ಈಸ್ಟ್ ಬೆಂಗಾಲ್ ತಂಡದಲ್ಲಿ ‘ಪಂಚಪಾಂಡವ’ರೆಂದು ಕರೆಸಿಕೊಂಡ ಐವರು ಮುನ್ನಡೆ ಆಟಗಾರರಲ್ಲಿ ಒಬ್ಬರಾದರು. ಈ ಪರಂಪರೆಯಲ್ಲಿ ಬಂದ ಕೆಂಪಯ್ಯನವರೂ ಕಲ್ಕತ್ತೆಗೆ ಹೋಗಿ ಮೋಹನ್ ಬಾಗಾನ್ ತಂಡದಲ್ಲಿ ಆಡಿದರು. ಊರು, ಭಾಷೆ, ಊಟ ಎಲ್ಲವೂ ಬೇರೆ. ಲೀಗ್ ಪಂದ್ಯಗಳಿಗೆ ನೆರೆಯುತ್ತಿದ್ದ ಜನಸಾಗರ ಗೆಲುವನ್ನಲ್ಲದೆ ಬೇರೇನನ್ನೂ ಕೇಳುವಂಥದ್ದಲ್ಲ. ಅಂಥಲ್ಲಿ ದಕ್ಷಿಣದಿಂದ ಬಂದ ಹಾಫ್ ಆಟಗಾರನೊಬ್ಬ ನೆಲೆ ನಿಲ್ಲಬೇಕಾದರೆ ಕಾಲಿನ ಚಳಕ ಒಂದೇ ಸಾಲದು.

ಇನ್ನು ಒಲಿಂಪಿಕ್ಸ್ ವಿಚಾರ. 1952ರಲ್ಲಿ ಹೆಲ್ಸಿಂಕಿಯಲ್ಲಿ ಭಾರತವು ಯುಗೊಸ್ಲಾವಿಯದ ಎದುರು 10-1ರಿಂದ ಸೋತಿತು. ಬರಿಗಾಲಿನ ಆಟದ ಯುಗ ಅಲ್ಲಿಗೆ ಮುಗಿಯಿತು; ಬೂಟು ಕಡ್ಡಾಯವಾಯಿತು. ಹೈದರಾಬಾದಿನ ಶಿಕ್ಷಕ ಸಯ್ಯದ್ ಅಬ್ದುಲ್ ರಹೀಮ್ ಅವರು ತಂಡದ ತರಬೇತಿಯನ್ನು ಹೊಸ ಕ್ರಮದಲ್ಲಿ ಕಟ್ಟಿದರು. ಚೆಂಡನ್ನು ತಾನೇ ಹೊತ್ತು ಓಡದೆ ಕೂಡಲೇ ಜೊತೆಗಾರನಿಗೆ ಕೊಡಬೇಕೆಂಬ ನಿಯಮದ ಪಂದ್ಯಗಳನ್ನು ಆಡಿಸುವುದು, ದುರ್ಬಲವಾದ ಕಾಲನ್ನೂ ಬಲಪಡಿಸಿಕೊಳ್ಳುವಂತೆ ಮಾಡುವುದು ಅವರ ಪದ್ಧತಿಯಾಗಿತ್ತು. ಇಂಥ ಪದ್ಧತಿಯ ಭಾರವೆಲ್ಲ ಬೀಳುವುದು ನಡುಸಾಲಿನ ಮೇಲೆ. 1956ರ ಮೆಲ್ಬರ್ನ್ ತಂಡದಲ್ಲಿ ಆ ಭಾರವನ್ನು ಹೊತ್ತವರಲ್ಲಿ ಕೆಂಪಯ್ಯ ಮತ್ತು ಹೈದರಾಬಾದಿನ ನೂರ್ ಮಹಮ್ಮದ್ ಇದ್ದರು.

ಮೆಲ್ಬರ್ನ್‌ನಲ್ಲಿ ಹಂಗೇರಿ ಹಿಂದೆ ಸರಿದುದರಿಂದ ಭಾರತ ಆಡದೆಯೇ ಎರಡನೆಯ ಸುತ್ತನ್ನು ತಲಪಿತು. ಡಿಸೆಂಬರ್ 1ರಂದು ಆತಿಥೇಯ ಆಸ್ಟ್ರೇಲಿಯವನ್ನು 4-2ರಿಂದ ಸೋಲಿಸಿತು. ನೆವಿಲ್ ಡಿಸೋಜ ಮೂರು ಗೋಲು ಹೊಡೆದರು, ಕೃಷ್ಣಸ್ವಾಮಿ ಒಂದು. ಉಪಾಂತ್ಯದಲ್ಲಿ ಅದೇ ಯುಗೊಸ್ಲಾವಿಯ ಎದುರಾಯಿತು. ವಿರಾಮದ ನಂತರ ಮೊದಲ ಗೋಲು ಭಾರತದ್ದೇ. ಅದನ್ನು ಹೊಡೆದವರೂ ಡಿಸೋಜ. ಸ್ವಲ್ಪ ಹೊತ್ತಿನಲ್ಲಿಯೇ ಎದುರಾಳಿ ಸರಿಗಟ್ಟಿ, ಕೊನೆಗೆ 4-1ರಿಂದ ಗೆದ್ದಿತು. ಕಂಚಿನ ಪದಕದ ಪಂದ್ಯದಲ್ಲಿ ಬಲ್ಗೇರಿಯ 3-0ರಿಂದ ಜಯಿಸಿತು. ಭಾರತ ನಾಲ್ಕನೆಯ ಸ್ಥಾನ ಪಡೆಯಿತು. ಒಲಿಂಪಿಕ್ ಫುಟ್‌ಬಾಲಿನಲ್ಲಿ ಇದಕ್ಕಿಂತ ಮೇಲಿನ ಸ್ಥಾನವನ್ನು ಭಾರತ ಮತ್ತೆಂದೂ ಮುಟ್ಟಿಲ್ಲ.

ನಾಲ್ಕು ವರ್ಷಗಳ ನಂತರ, 1960ರ ರೋಮ್ ಒಲಿಂಪಿಕ್ಸ್‌ಗೂ ಕೆಂಪಯ್ಯ ಆಯ್ಕೆಯಾದರು. ಅಲ್ಲಿ ಭಾರತ ಹಂಗೇರಿಗೆ 2-1ರಿಂದಲೂ ಪೆರುವಿಗೆ 3-1ರಿಂದಲೂ ಸೋತು, ಫ್ರಾನ್ಸಿನೊಡನೆ 1-1ರಿಂದ ಸಮ ಮಾಡಿಕೊಂಡಿತು. ಆ ಮೂರು ಗೋಲುಗಳಲ್ಲಿ ಎರಡು ಬಲರಾಮ್ ಅವರವು, ಒಂದು ನಾಯಕ ಪಿ. ಕೆ. ಬ್ಯಾನರ್ಜಿಯವರದು. ಸೋತರೂ ಯಾವ ಪಂದ್ಯದಲ್ಲಿಯೂ ತಂಡ ಕುಸಿದುಬೀಳಲಿಲ್ಲ. ಹೆಲ್ಸಿಂಕಿಯ ಹತ್ತು ಗೋಲುಗಳನ್ನು ನೆನೆದವರಿಗೆ ಈ ಅಂತರದ ಅರ್ಥವಾದೀತು.

ಈಗ ಒಂದು ಲೆಕ್ಕ. ಎರಡು ಒಲಿಂಪಿಕ್ಸ್‌ಗಳಲ್ಲಿ ಸೇರಿ ಭಾರತ ಹೊಡೆದ ಗೋಲುಗಳು ಎಂಟು. ಡಿಸೋಜ ಅವರವು ನಾಲ್ಕು, ಬಲರಾಮ್ ಅವರವು ಎರಡು, ಕೃಷ್ಣಸ್ವಾಮಿ ಮತ್ತು ಬ್ಯಾನರ್ಜಿಯವರದು ಒಂದೊಂದು. ಕೆಂಪಯ್ಯನವರ ಹೆಸರಿನ ಮುಂದೆ ಸೊನ್ನೆ. ಅಂಕಪಟ್ಟಿಯನ್ನು ಮಾತ್ರ ಓದುವವನಿಗೆ ಆತ ಅಲ್ಲಿ ಇರಲೇ ಇಲ್ಲ. ಆದರೆ ಆಟ ಬಲ್ಲ ರಹೀಮ್ ಅವರು, ಮುಂದಾಳುಗಳನ್ನು ಬದಲಿಸಿದ ನಾಲ್ಕು ವರ್ಷಗಳ ನಂತರವೂ, ಈ ಸೊನ್ನೆಯ ಆಟಗಾರನನ್ನು ತಂಡದಲ್ಲಿ ಉಳಿಸಿಕೊಂಡರು. ಆಟಗಾರನ ಬೆಲೆಯನ್ನು ಆ ತೀರ್ಮಾನದಲ್ಲಿ ಓದಬೇಕೇ ಹೊರತು ಪಟ್ಟಿಯಲ್ಲಲ್ಲ. ಹೊರಗಿನ ಲೋಕದಲ್ಲಿಯೂ ಇದೇ ಸತ್ಯ. 1958ರ ವಿಶ್ವಕಪ್ಪನ್ನು ಬ್ರೆಜಿಲ್ ಗೆದ್ದಾಗ ಜನ ಕೊಂಡಾಡಿದ್ದು ಹದಿನೇಳರ ಹರೆಯದ ಪೆಲೆಯನ್ನು. ನಡುವಿನ ವಿಶಾಲ ಬಯಲನ್ನು ಹೊತ್ತವರು ಜಿಟೊ ಮತ್ತು ಡಿಡಿ ಎಂಬ ಇಬ್ಬರೇ.

ಕೆಂಪಯ್ಯನವರ ಕಾಲದ ಆಟಗಾರರನ್ನು ಇಂದಿನ ಅರ್ಥದಲ್ಲಿ ವೃತ್ತಿಪರರೆನ್ನಲಾಗದು. ಅಂದಿನ ಒಲಿಂಪಿಕ್ ನಿಯಮವೇ ಹವ್ಯಾಸಿಗಳಿಗೆ ಮಾತ್ರ ಪ್ರವೇಶ ನೀಡುತ್ತಿತ್ತು. ಆಟಗಾರನ ಅನ್ನಕ್ಕೆ ಆಧಾರವಾಗಿದ್ದುದು ಯಾವುದಾದರೊಂದು ಕಾರ್ಖಾನೆ, ರೈಲ್ವೆ ಅಥವಾ ಸರ್ಕಾರಿ ಇಲಾಖೆಯ ಕೆಲಸ. ಬೆಂಗಳೂರಿನಲ್ಲಿ ಎಚ್.ಎ.ಎಲ್., ಐ.ಟಿ.ಐ.ಗಳಂಥ ಸಂಸ್ಥೆಗಳು ತಂಡಗಳನ್ನು ಸಾಕಿದ್ದರಿಂದಲೇ ಎಷ್ಟೋ ಬಡ ಮನೆಗಳ ಹುಡುಗರು ಆಟದಲ್ಲಿ ಉಳಿದರು. ಕಾಲು ಸೋತ ಮೇಲೂ ಕೆಲಸ ಉಳಿಯುತ್ತಿತ್ತು.

ಈ ವ್ಯವಸ್ಥೆ ಕ್ರಮೇಣ ಬದಲಾಯಿತು. 1996ರಲ್ಲಿ ರಾಷ್ಟ್ರೀಯ ಲೀಗ್, 2007ರಲ್ಲಿ ಐ-ಲೀಗ್, 2014ರಲ್ಲಿ ಇಂಡಿಯನ್ ಸೂಪರ್ ಲೀಗ್ ಬಂದವು. 2013ರಲ್ಲಿ ಸ್ಥಾಪಿತವಾದ ಬೆಂಗಳೂರು ಎಫ್‌ಸಿ ತನ್ನ ಮೊದಲ ಋತುವಿನಲ್ಲಿಯೇ ಐ-ಲೀಗ್ ಗೆದ್ದು, 2016ರಲ್ಲಿ ಎ.ಎಫ್.ಸಿ. ಕಪ್‌ನ ಅಂತಿಮ ಪಂದ್ಯವನ್ನು ತಲಪಿದ ಪ್ರಥಮ ಭಾರತೀಯ ತಂಡವಾಯಿತು. 2023ರ ಮಾರ್ಚ್ 4ರಂದು ಸೌದಿ ಅರೇಬಿಯದ ರಿಯಾದ್‌ನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3-2ರಿಂದ ಸೋಲಿಸಿ, 54 ವರ್ಷಗಳ ನಂತರ ಸಂತೋಷ್ ಟ್ರೋಫಿಯನ್ನು ಮನೆಗೆ ತಂದಿತು. ಇಂದು ಕ್ಲಬ್ಬಿನೊಡನೆ ಒಪ್ಪಂದ ಮಾಡಿಕೊಂಡ ಆಟಗಾರನಿಗೆ ಸಂಬಳ, ವೈದ್ಯ, ತರಬೇತುದಾರ ಎಲ್ಲವೂ ಉಂಟು. ಆದರೆ ಒಪ್ಪಂದಕ್ಕೆ ಅವಧಿಯೂ ಉಂಟು. ಒಂದು ಮೊಣಕಾಲಿನ ಗಾಯ, ಒಬ್ಬ ತರಬೇತುದಾರನ ಬದಲಾವಣೆ, ಇಷ್ಟರಿಂದಲೇ ಅದು ಮುಗಿಯಬಹುದು. ನಡುಸಾಲಿನವನಿಗೆ ಇದು ಇನ್ನೂ ಕಠಿಣ. ತನ್ನ ಯೋಗ್ಯತೆಗೆ ಸಾಕ್ಷಿಯಾಗಿ ತೋರಿಸಲು ಅವನಲ್ಲಿ ಗೋಲುಗಳಿಲ್ಲ. ಮೂವತ್ತೈದು ದಾಟುವ ಹೊತ್ತಿಗೆ ಬಹುತೇಕ ಎಲ್ಲರ ಆಟವೂ ಮುಗಿದಿರುತ್ತದೆ. ಬದುಕು ಮಾತ್ರ ಅರ್ಧದಷ್ಟು ಉಳಿದಿರುತ್ತದೆ. ಆದ್ದರಿಂದ ಅಮ್ಮತ್ತಿಯ ಹುಡುಗನೊಬ್ಬ ಈ ದಾರಿ ಹಿಡಿಯಬಯಸಿದರೆ ಹಿರಿಯರು ಅವನನ್ನು ತಡೆಯಬೇಕಾಗಿಲ್ಲ. ಆದರೆ ಪುಸ್ತಕದ ಚೀಲವನ್ನು ಮೈದಾನದ ಅಂಚಿನಲ್ಲಿಯೇ ಬಿಟ್ಟು ಹೋಗಲು ಬಿಡಬಾರದು.

ಇದರಿಂದ ಶಾಲೆಗಳು ಕಲಿಯಬೇಕಾದುದೂ ಇದೆ. ಕ್ರೀಡಾದಿನದಂದು ಬಹುಮಾನ ಕೊಡುವಾಗ ಹೆಚ್ಚು ಗೋಲು ಹೊಡೆದವನನ್ನು ಹುಡುಕುವುದು ಸುಲಭ, ಎಣಿಸಿದರೆ ಸಾಕು. ನಡುಸಾಲಿನ ಹುಡುಗನನ್ನು ಗುರುತಿಸಬೇಕಾದರೆ ಅಧ್ಯಾಪಕನು ಪಂದ್ಯವನ್ನು ಮೊದಲಿಂದ ಕೊನೆಯವರೆಗೆ ನೋಡಿರಬೇಕು. ತರಗತಿಯಲ್ಲಿಯೂ ಹೀಗೆಯೇ. ತನಗೆ ತಿಳಿದುದನ್ನು ಪಕ್ಕದವನಿಗೆ ಹೇಳಿಕೊಟ್ಟು ಅವನನ್ನು ತೇರ್ಗಡೆ ಮಾಡಿಸಿದ ಹುಡುಗನ ಹೆಸರು ಯಾವ ಫಲಿತಾಂಶ ಪಟ್ಟಿಯಲ್ಲಿಯೂ ಅಚ್ಚಾಗುವುದಿಲ್ಲ. ಸಂಸ್ಥೆಗಳು ನಿಂತಿರುವುದೂ ಬಹುಮಟ್ಟಿಗೆ ಅಂಥವರಿಂದಲೇ: ತಮ್ಮ ಹೆಸರಿನ ಕಲ್ಲು ಬೇಡವೆಂದು ಕೋಣೆ ಕಟ್ಟಿಸಿಕೊಟ್ಟವರು, ರಜೆಯ ದಿನವೂ ಬಂದು ಪಾಠ ಹೇಳಿ ಹೋದವರು.

ಕೆಂಪಯ್ಯನವರು ಕಸಿದು, ಕಾಯ್ದು, ಕೊಟ್ಟ ಚೆಂಡುಗಳನ್ನು ಎಣಿಸಿಟ್ಟವರಿಲ್ಲ. ಆದರೂ ಮೆಲ್ಬರ್ನ್‌ನ ನಾಲ್ಕನೆಯ ಸ್ಥಾನ ಇತಿಹಾಸದಲ್ಲಿ ಉಳಿದಿದೆ. ಮುಂದಿನ ಮಳೆಗಾಲದಲ್ಲಿ ಅಮ್ಮತ್ತಿಯ ಕೆಸರು ಬಯಲಿನಲ್ಲಿ ತಂಡ ಕಟ್ಟುವಾಗ ಒಬ್ಬ ಹುಡುಗ, ಯಾರೂ ಹೇಳದೆಯೇ, ತಾನಾಗಿ ನಡುವೆ ಬಂದು ನಿಂತರೆ, ಅವನು ಮುಂದೆ ನಿಲ್ಲಲಾರದೆ ಅಲ್ಲಿ ನಿಂತನೆಂದು ತಿಳಿಯದಿರುವಷ್ಟು ಆಟದ ಜ್ಞಾನ ನೋಡುವವರಿಗೆ ಇರಬೇಕು.